ತೋಟಕ್ಕೂ ಗದ್ದೆಗೂ ಜನ ಹೊಂದಿಸುವುದು ಹೇಗೆ? ಪತ್ತನಾಜೆಯಿಂದ ಪತ್ತನಾಜೆಗೆ ಒಂದು ವರ್ಷದ ಲೆಕ್ಕ

ಉಡುಪಿ ಕಡೆ ನಾಲ್ಕು ಕೃಷಿಕರು ಸೇರಿದರೆ ಮಳೆಯ ಮಾತಿನ ನಂತರ ಬರುವ ಮಾತು ಒಂದೇ. "ಕೆಲಸಕ್ಕೆ ಜನ ಸಿಗುವುದಿಲ್ಲ ಮಾರಾಯ್ರೆ." ಮಾತು ಸುಳ್ಳಲ್ಲ. ಆದರೆ ನನ್ನ ಅನುಭವದಲ್ಲಿ ಜನ ಇಲ್ಲದೆ ಕೆಟ್ಟ ಕೆಲಸಕ್ಕಿಂತ, ಜನರನ್ನು ತಡವಾಗಿ ಕೇಳಿ ಕೆಟ್ಟ ಕೆಲಸವೇ ಜಾಸ್ತಿ.

ಒಂದು ವರ್ಷ ಅಡಿಕೆಗೆ ಕೊಳೆರೋಗದ ಎರಡನೇ ಮದ್ದು (ಬೋರ್ಡೋ ದ್ರಾವಣ) ಬಿಡಲು ನಾನು ಮಳೆ ಬಿಡುವುದನ್ನೇ ಕಾಯುತ್ತಾ ಕುಳಿತೆ. ಜುಲೈಯಲ್ಲಿ ಎರಡು ದಿನ ಬಿಸಿಲು ಬಂತು. ಆಗ ಮರ ಹತ್ತುವ ಅಣ್ಣನಿಗೆ ಫೋನ್ ಮಾಡಿದೆ. ಅವರು ಆ ಹೊತ್ತಿಗೆ ಬೇರೊಬ್ಬರ ತೋಟದಲ್ಲಿ ಮರದ ಮೇಲೆ ಇದ್ದರು. ಅವರ ಕೈಯಲ್ಲಿ ಇನ್ನೂ ಐದಾರು ಮನೆ ಬಾಕಿ. ನಮ್ಮ ತೋಟಕ್ಕೆ ಬರುವಾಗ ಮೊದಲ ಮದ್ದು ಬಿಟ್ಟು ಎರಡು ತಿಂಗಳಾಗಿತ್ತು. ಅಷ್ಟರಲ್ಲಿ ಬೆಳಿಗ್ಗೆ ತೋಟಕ್ಕೆ ಹೋದರೆ ಬುಡದಲ್ಲೆಲ್ಲ ಹಸಿರು ಕಾಯಿ. ಕೈಯಲ್ಲಿ ಹಿಡಿದು ನೋಡಿದರೆ ತೊಟ್ಟಿನ ಹತ್ತಿರ ನೀರು ಕುಡಿದಂಥ ಕಲೆ. ಎರಡು ದಿನ ಅಲ್ಲೇ ಬಿಟ್ಟರೆ ಮೇಲೆ ಬಿಳಿ ಬೂಷ್ಟು. ಬುಟ್ಟಿ ಬುಟ್ಟಿ ಹೆಕ್ಕಿ ಹೊರಗೆ ಹಾಕಿದೆವು. ಆ ಮಳೆಗಾಲದಲ್ಲೇ ನಾನು ಈ ಲೆಕ್ಕ ಬರೆಯಲು ಶುರು ಮಾಡಿದ್ದು.

ಕೆಳಗೆ ಬರೆದಿರುವುದು ಅಡಿಕೆ, ತೆಂಗು, ಸ್ವಲ್ಪ ಗದ್ದೆ ಇರುವ ಮನೆಗೆ ಹೊಂದುವ ಕ್ರಮ. ನಮ್ಮ ಕಡೆ ಹೆಚ್ಚಿನವರ ಹಿಡುವಳಿ ಹಾಗೇ ಇರುವುದು. ಮಲ್ಲಿಗೆ ಅಥವಾ ಮಟ್ಟು ಗುಳ್ಳ ಬದನೆ ಬೆಳೆಯುವವರಿಗೆ ಕೆಲಸ ಬೇರೆ, ಲೆಕ್ಕ ಮಾಡುವ ದಾರಿ ಇದೇ.

ಲೆಕ್ಕದ ವರ್ಷ ಎಲ್ಲಿಂದ ಶುರು?

ಜನವರಿಯಿಂದ ಬೇಡ, ಏಪ್ರಿಲ್‌ನಿಂದಲೂ ಬೇಡ. ಪತ್ತನಾಜೆಯಿಂದ ಶುರು ಮಾಡಿ. ಮೇ 24-25ರ ಸುಮಾರಿಗೆ, ತುಳು ಬೇಷ ತಿಂಗಳ ಹತ್ತನೇ ದಿನ, ದೈವಗಳ ನೇಮ-ಕೋಲ ನಿಲ್ಲುತ್ತದೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಅಲ್ಲಿಂದ ಊರಿನ ಗಮನವೆಲ್ಲ ಮಣ್ಣಿನ ಕಡೆಗೆ. ಹಿಂದಿನವರು ಕೃಷಿ ವರ್ಷಕ್ಕೆ ಹಾಕಿಟ್ಟ ಗಡಿ ಅದು. ಇವತ್ತಿಗೂ ಕೆಲಸಕ್ಕೆ ಬರುವವರ ಬದುಕು ಅದೇ ಗಡಿಯ ಮೇಲೆ ನಡೆಯುತ್ತದೆ.

ಬೇಕಾದ್ದು ಎರಡೇ. ತುಳು ತಿಂಗಳೂ ನಮೂದಾಗಿರುವ ಗೋಡೆ ಕ್ಯಾಲೆಂಡರ್ ಒಂದು, ನೂರು ಪುಟದ ನೋಟ್ ಪುಸ್ತಕ ಒಂದು. ಮೊಬೈಲಿನಲ್ಲಿ ಬರೆದಿಡುವವರು ಬರೆದಿಡಿ, ಆದರೆ ಗೋಡೆಯ ಮೇಲಿನದ್ದು ಮನೆಯವರೆಲ್ಲರ ಕಣ್ಣಿಗೂ ಬೀಳುತ್ತದೆ.

ಹೆಜ್ಜೆ 1: ಎಕರೆ ಬಿಡಿ, ಮರ ಎಣಿಸಿ

9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ ಬರಬೇಕು. ಹಳೇ ತೋಟಗಳಲ್ಲಿ ಅಷ್ಟಿರುವುದಿಲ್ಲ. ಕೆಲವು ಸತ್ತಿರುತ್ತವೆ, ನಡುವೆ ಎಳೆಗಿಡ ಹಾಕಿರುತ್ತೀರಿ. ಫಸಲು ಕೊಡುವ ಮರ ಎಷ್ಟು, ಎಳೆಗಿಡ ಎಷ್ಟು, ತೆಂಗು ಎಷ್ಟು, ಕಾಳುಮೆಣಸು ಹಬ್ಬಿದ ಮರ ಎಷ್ಟು ಅಂತ ಬೇರೆ ಬೇರೆ ಬರೆಯಿರಿ. ಗದ್ದೆಯಾದರೆ ಬೈಲು (ತಗ್ಗಿನದ್ದು), ಮಜಲು (ನಡುವಿನದ್ದು), ಬೆಟ್ಟು (ಎತ್ತರದ್ದು) ಬೇರೆ ಬೇರೆ ಮಾಡಿ. ಬೈಲಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಬೆಟ್ಟಿನದ್ದು ಬೇಗ ಆರುತ್ತದೆ. ಯಂತ್ರ ಇಳಿಯುವ ದಿನ ಎರಡಕ್ಕೂ ಒಂದೇ ಆಗುವುದಿಲ್ಲ.

ಹೆಜ್ಜೆ 2: ಕಾಯುವ ಕೆಲಸ, ಕಾಯದ ಕೆಲಸ

ವರ್ಷದ ಎಲ್ಲ ಕೆಲಸವನ್ನೂ ಒಂದು ಪುಟದಲ್ಲಿ ಸುಮ್ನೆ ಬರೆಯುತ್ತಾ ಹೋಗಿ. ಆಮೇಲೆ ಪ್ರತಿಯೊಂದರ ಎದುರಿಗೂ ಒಂದು ಪ್ರಶ್ನೆ ಹಾಕಿ: ಇದು ಹತ್ತು ದಿನ ತಡವಾದರೆ ನಷ್ಟ ಏನು?

ಬೋರ್ಡೋ ಬಿಡುವುದು ತಡವಾದರೆ ಕೊಳೆರೋಗ. ನೇಜಿ (ಭತ್ತದ ಸಸಿ) ನೆಡುವುದು ತಡವಾದರೆ ನೇಜಿ ಬಲಿತು ಹೋಗುತ್ತದೆ. ಮಳೆಗೆ ಮೊದಲು ಕಣಿ (ನೀರು ಹರಿದುಹೋಗುವ ಕಾಲುವೆ) ಬಿಡಿಸದಿದ್ದರೆ ಬುಡದಲ್ಲಿ ನೀರು. ಮಾಗಿದ ಭತ್ತ ಕೊಯ್ಯದಿದ್ದರೆ ಅಕ್ಟೋಬರ್ ಮಳೆಗೆ ಮಲಗಿ ಮೊಳಕೆ. ಇವು ಕಾಯದ ಕೆಲಸ. ಕೆಂಪು ಪೆನ್ನಿನಲ್ಲಿ ಬರೆಯಿರಿ.

ಹುಲ್ಲು ಹೆರೆಯುವುದು, ಗೊಬ್ಬರ ಹಾಕುವುದು, ತೆಂಗಿನಕಾಯಿ ಕೀಳುವುದು, ಅಡಿಕೆಯ ಒಂದೊಂದು ಕೊಯ್ಲು, ಇವೆಲ್ಲ ಒಂದೆರಡು ವಾರ ಆಚೆ ಈಚೆ ಆದರೂ ನಡೆಯುತ್ತದೆ. ಬೇಲಿ ಕಟ್ಟುವುದು, ಚಾಲಿ (ಒಣಗಿಸಿದ ಹಣ್ಣಡಿಕೆ) ಸುಲಿಯುವುದು, ತೆಂಗಿನಕಾಯಿ ಸುಲಿಯುವುದು, ಕೊಟ್ಟಿಗೆ ರಿಪೇರಿ ಇವು ಯಾವಾಗ ಬೇಕಾದರೂ ಆದೀತು. ಈ ಕೊನೆಯ ಸಾಲಿನ ಕೆಲಸಗಳನ್ನು ಕಡೆಗಣಿಸಬೇಡಿ. ಅವುಗಳ ಬೆಲೆ ಆರನೇ ಹೆಜ್ಜೆಯಲ್ಲಿ ಗೊತ್ತಾಗುತ್ತದೆ.

ಹೆಜ್ಜೆ 3: ಎಷ್ಟಾಳು ಬೇಕು?

"ಇದು ಹತ್ತಾಳಿನ ಕೆಲಸ" ಅಂತ ಹಿರಿಯರು ಹೇಳುತ್ತಿದ್ದರಲ್ಲ, ಆ ಲೆಕ್ಕವೇ ಸಾಕು. ಒಬ್ಬರ ಒಂದು ದಿನದ ಕೆಲಸ ಅಂದರೆ ಒಂದಾಳು. ಒಟ್ಟು ಕೆಲಸವನ್ನು ಒಬ್ಬರು ಒಂದು ದಿನದಲ್ಲಿ ಮಾಡುವ ಕೆಲಸದಿಂದ ಭಾಗಿಸಿ. ಒಂದೇ ಒಂದು ಎಚ್ಚರ. ಮಳೆ ನುಂಗುವ ದಿನಗಳನ್ನು ಸೇರಿಸಲು ಮರೆಯಬೇಡಿ.

ಮದ್ದು ಬಿಡುವುದನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ನಿಮ್ಮಲ್ಲಿ 1,000 ಫಸಲಿನ ಮರ ಇವೆ ಅನ್ನೋಣ. ಮರ ಹತ್ತುವವರು ದಿನಕ್ಕೆ 150 ಮರ ಮುಗಿಸುತ್ತಾರೆ ಅನ್ನೋಣ. ಏಳು ದಿನದ ಕೆಲಸ. ಮೇಲೆ ಒಬ್ಬರು ಇದ್ದರೆ ಕೆಳಗೆ ಪೈಪ್ ಎಳೆಯಲು ಒಬ್ಬರು, ಮದ್ದು ಕಲಸಲು ಒಬ್ಬರು ಬೇಕು. ಅಲ್ಲಿಗೆ 21 ಆಳು.

ಮೊದಲ ಮದ್ದು ಮಳೆಗೆ ಮುಂಚೆ. ಮೇ 20ಕ್ಕೆ ಶುರು ಮಾಡಿದರೆ 26ಕ್ಕೆ ಮುಗಿಯಿತು. ಎರಡನೆಯದ್ದು 40ರಿಂದ 45 ದಿನದೊಳಗೆ ಆಗಬೇಕು, ಯಾಕಂದರೆ ಮಳೆಗೆ ಮೊದಲಿನ ಲೇಪ ತೊಳೆದುಹೋಗಿರುತ್ತದೆ, ಕಾಯಿಯೂ ದಪ್ಪವಾಗಿರುತ್ತದೆ. ಅಂದರೆ ಜುಲೈ 1ರ ಸುಮಾರಿಗೆ ಶುರು. ಆದರೆ ಅದು ಜುಲೈ! ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗ ನಮ್ಮದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಎರಡು ದಿನಕ್ಕೆ ಒಂದು ದಿನ ಸಿಕ್ಕಿದರೆ ಪುಣ್ಯ. ಏಳು ದಿನದ ಕೆಲಸಕ್ಕೆ ಹದಿನಾಲ್ಕು ದಿನ ಹಿಡಿಯುತ್ತದೆ. ಕೊನೆಯ ಮರಕ್ಕೆ ಮದ್ದು ಸಿಗುವಾಗ 49 ದಿನ. ಕಾಗದದ ಮೇಲೆ ಇಷ್ಟು ಬರೆದಾಗಲೇ ಗೊತ್ತಾಗುತ್ತದೆ: ಮೇ ತಿಂಗಳಲ್ಲಿ ಒಬ್ಬರು ಸಾಕು, ಜುಲೈಗೆ ಇಬ್ಬರು ಬೇಕು. ಇಬ್ಬರಿದ್ದರೆ ಬಿಸಿಲು ಕಂಡ ನಾಲ್ಕು ದಿನಗಳಲ್ಲಿ ಮುಗಿಸಬಹುದು. ಮಳೆ ಎಳೆದರೆ ಮೂರನೇ ಮದ್ದೂ ಬೇಕಾಗಬಹುದು. ಅದಕ್ಕೂ ಆಗಸ್ಟ್ ಕೊನೆಗೆ ಪೆನ್ಸಿಲಿನಲ್ಲಿ ಗುರುತು ಹಾಕಿ.

ಕಲಸುವವರನ್ನು ಲೆಕ್ಕದಿಂದ ಬಿಡುವ ತಪ್ಪು ಜಾಸ್ತಿ ಜನ ಮಾಡುತ್ತಾರೆ. ಶೇಕಡಾ 1ರ ಬೋರ್ಡೋ ಅಂದರೆ 100 ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಒಳ್ಳೆ ಸುಣ್ಣ. ಎರಡನ್ನೂ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ 50-50 ಲೀಟರ್ ನೀರಿಗೆ ಬೇರೆ ಬೇರೆ ಕರಗಿಸಿ, ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯುತ್ತಾ ಕದಡುತ್ತಿರಬೇಕು. ಹೊಳೆಯುವ ಕತ್ತಿಯ ತುದಿಯನ್ನು ಅದರಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಕೆಂಪು ಲೇಪ ಬಂದರೆ ಸುಣ್ಣ ಸಾಲದು. ಆ ದಿನ ಕಲಸಿದ್ದು ಆ ದಿನವೇ ಮುಗಿಯಬೇಕು. ಇದನ್ನು ಒಬ್ಬರು ಬೆಳಿಗ್ಗೆ ಏಳು ಗಂಟೆಗೇ ಶುರು ಮಾಡದಿದ್ದರೆ ಮರ ಹತ್ತುವವರು ಒಂದೂವರೆ ಗಂಟೆ ಕೆಳಗೆ ಕುಳಿತಿರುತ್ತಾರೆ. ಬಿಸಿಲು ಇರುವುದೇ ಅಷ್ಟು ಹೊತ್ತು.

ಗದ್ದೆಯ ಲೆಕ್ಕ ಈಗ ಯಂತ್ರದ ಮೇಲೆ ನಿಂತಿದೆ. ಕೈ ನಾಟಿಗೆ ಎಕರೆಗೆ ಹತ್ತು ಜನ ಬೇಕು, ಅಷ್ಟು ಜನ ಒಂದೇ ದಿನ ಸಿಗುವುದು ಕಷ್ಟ. ನಾಟಿ ಯಂತ್ರಕ್ಕೆ ಚಾಪೆ ನೇಜಿ (ಚಾಪೆಯ ಹಾಗೆ ಒತ್ತಾಗಿ ಬೆಳೆಸಿದ್ದು) ಬೇಕು, ಅದು 15ರಿಂದ 18 ದಿನದ್ದಾಗಿರಬೇಕು. ಇಲ್ಲಿ ಎಡವುವುದು ಎಲ್ಲಿ ಅಂದರೆ, ಮೊದಲು ಬೀಜ ಹಾಕಿ ಆಮೇಲೆ ಯಂತ್ರ ಹುಡುಕುವುದು. ತಿರುಗಿಸಿ ಮಾಡಿ. ಮೊದಲು ಯಂತ್ರದ ದಿನ ಗಟ್ಟಿ ಮಾಡಿಕೊಳ್ಳಿ, ಅಲ್ಲಿಂದ 17 ದಿನ ಹಿಂದಕ್ಕೆ ಎಣಿಸಿ, ಆ ದಿನ ಬೀಜ ಹಾಕಿ. ಎಂ.ಒ.4 ತಳಿಯ ಭತ್ತದ ಬೀಜವನ್ನು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಿಂದಲೋ ರೈತ ಸಂಪರ್ಕ ಕೇಂದ್ರದಿಂದಲೋ ತರುವುದಾದರೆ ಮೇ ತಿಂಗಳಲ್ಲೇ ವಿಚಾರಿಸಿ. ಯಂತ್ರ ಬಂದ ದಿನವೂ ಜನ ಬೇಕು. ಚಾಪೆ ಹೊತ್ತು ತರಲು ಇಬ್ಬರು, ಮೂಲೆ ಮತ್ತು ಬದುವಿನ ಬದಿ ಕೈಯಲ್ಲಿ ನೆಡಲು ಇಬ್ಬರು. "ಯಂತ್ರ ಉಂಟಲ್ಲ" ಅಂತ ಯಾರನ್ನೂ ಕರೆಯದಿದ್ದರೆ ಯಂತ್ರಕ್ಕೆ ಗಂಟೆ ಲೆಕ್ಕದ ಬಾಡಿಗೆ ಓಡುತ್ತಿರುತ್ತದೆ.

ಅಡಿಕೆ ಕೊಯ್ಲಿಗೆ ಮಿತಿ ಹಾಕುವುದು ನಿಮ್ಮ ಅಂಗಳ. ಚಾಲಿಗೆ ಹಣ್ಣಡಿಕೆ ಬಿಸಿಲಲ್ಲಿ 40 ದಿನದಷ್ಟು ಒಣಗಬೇಕು. ಮೊದಲ ಕೊಯ್ಲಿನದ್ದು ಅಂಗಳದಲ್ಲಿ ಇರುವಾಗ ಎರಡನೆಯದ್ದಕ್ಕೆ ಜಾಗ ಎಲ್ಲಿ? ಅಂಗಳ ಹಿಡಿಯುವಷ್ಟೇ ಕೊಯ್ಯಿರಿ, ಅಷ್ಟಕ್ಕೇ ಜನ ಹೇಳಿ.

ಹೆಜ್ಜೆ 4: ಬರುವವರ ಕ್ಯಾಲೆಂಡರ್ ಬರೆಯಿರಿ

ಇದನ್ನು ಹೆಚ್ಚಿನವರು ಮಾಡುವುದಿಲ್ಲ. ನನಗೆ ಜಾಸ್ತಿ ಉಪಯೋಗವಾದದ್ದು ಇದೇ ಪುಟ. ನಮ್ಮ ಕೆಲಸಕ್ಕೆ ದಿನ ಇದ್ದ ಹಾಗೆ ಬರುವವರಿಗೂ ಅವರ ದಿನಗಳಿವೆ.

ಡಿಸೆಂಬರಿನಿಂದ ಮೇ ತನಕ ನೇಮ, ಆಯನ (ದೇವಸ್ಥಾನದ ಜಾತ್ರೆ), ಮದುವೆ, ಯಕ್ಷಗಾನ. ಊರಿನ ನೇಮದ ಮರುದಿನ ಯಾರೂ ಬರುವುದಿಲ್ಲ, ಬರಲೂಬಾರದು. ಇಡೀ ರಾತ್ರಿ ನಿದ್ದೆ ಬಿಟ್ಟವರನ್ನು ಮರ ಹತ್ತಿಸಬೇಡಿ. ಫೆಬ್ರವರಿ ಎರಡನೇ ವಾರದ ಸುಮಾರಿಗೆ ಕೆಡ್ಡಸ. ಆ ಮೂರು ದಿನ ಭೂಮಿ ಅಗೆಯುವುದಿಲ್ಲ, ಹಸಿರು ಕಡಿಯುವುದಿಲ್ಲ. ಸೆಪ್ಟೆಂಬರ್ 8ಕ್ಕೆ ಕೊಂಕಣಿ ಕ್ರೈಸ್ತರ ಮೊಂತಿ ಹಬ್ಬ. ಎರಡು ವರ್ಷಕ್ಕೊಮ್ಮೆ ಜನವರಿ 18ರ ಆಸುಪಾಸು ಕೃಷ್ಣ ಮಠದ ಪರ್ಯಾಯ, ಆಗ ಉಡುಪಿ ಸುತ್ತಮುತ್ತ ಜನ ಸಿಗುವುದಿಲ್ಲ.

ಬೀಡಿ ಕಟ್ಟುವ ಅಕ್ಕಂದಿರು ಬರುವುದಾದರೆ ಬ್ರಾಂಚಿಗೆ ಬೀಡಿ ಕೊಡುವ ದಿನ ಕೇಳಿಟ್ಟುಕೊಳ್ಳಿ. ಆ ದಿನ ಅರ್ಧ ದಿನದ ಕೆಲಸ ಇಟ್ಟರೆ ಇಬ್ಬರಿಗೂ ಸಲೀಸು. ಕೊಪ್ಪಳ, ರಾಯಚೂರು, ಬಾಗಲಕೋಟೆ ಕಡೆಯಿಂದ ಬಂದವರಿಗೆ ಜೂನ್‌ನಲ್ಲಿ ಊರಲ್ಲಿ ಅವರದ್ದೇ ಬಿತ್ತನೆ ಇರುತ್ತದೆ, ಯುಗಾದಿ ಮತ್ತು ಊರ ಜಾತ್ರೆಗೆ ಹೋಗಿಯೇ ಹೋಗುತ್ತಾರೆ. ಬಿಹಾರ, ಜಾರ್ಖಂಡ್ ಕಡೆಯವರಿಗೆ ಹೋಳಿ, ಛಟ್. ಹೋಗುವ ದಿನ ಮಾತ್ರ ಕೇಳಿದರೆ ಸಾಲದು, ಟಿಕೆಟ್ ಮಾಡಿದ ವಾಪಸ್ ದಿನವನ್ನೂ ಕೇಳಿ.

ಒಂದು ಅನುಕೂಲವೂ ಇದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲಿ, ಮಂಗಳೂರಲ್ಲಿ ಬೋಟಿಗೆ ಹೋಗುವ ನಿಮ್ಮೂರಿನ ಹುಡುಗರು ಆಗ ಮನೆಯಲ್ಲಿರುತ್ತಾರೆ. ಚಾಪೆ ನೇಜಿ ಹೊರಲು, ಮದ್ದಿನ ಪೈಪ್ ಎಳೆಯಲು ಎರಡು ತಿಂಗಳ ಕೆಲಸ ಅವರಿಗೂ ಬೇಕಾಗಿರುತ್ತದೆ.

ಹೆಜ್ಜೆ 5: ಎರಡು ಪುಟ ಪಕ್ಕದಲ್ಲಿಟ್ಟು ನೋಡಿ

ಕೆಂಪು ಕೆಲಸ ಒಂದರ ಮೇಲೊಂದು ಬೀಳುವ ವಾರಗಳು ಮೂರು ಸಿಗುತ್ತವೆ. ಮೇ ಕೊನೆಯಿಂದ ಜೂನ್ ಎರಡನೇ ವಾರ: ಮೊದಲ ಮದ್ದು, ಕಣಿ, ನೇಜಿ. ಜುಲೈ ಮೊದಲ ಹದಿನೈದು ದಿನ: ಎರಡನೇ ಮದ್ದು, ನಾಟಿ. ಅಕ್ಟೋಬರ್ ಕೊನೆಯಿಂದ ನವೆಂಬರ್: ಏಣೇಲು (ಮಳೆಗಾಲದ ಭತ್ತ) ಕಟಾವು, ಅದರ ಹಿಂದೆಯೇ ಅಡಿಕೆಯ ಮೊದಲ ಕೊಯ್ಲು.

ಮೇ ಕೊನೆಯ ಗಂಟು ಬಿಡಿಸುವುದು ಸುಲಭ. ಕಣಿ ಬಿಡಿಸುವುದನ್ನು ಏಪ್ರಿಲ್‌ಗೆ ತನ್ನಿ. ಮಣ್ಣು ಗಟ್ಟಿ ಇರುತ್ತದೆ ನಿಜ, ಒಂದೆರಡು ಆಳು ಜಾಸ್ತಿ ಹಿಡಿಯಬಹುದು, ಆದರೂ ಲಾಭ. ನವೆಂಬರಿನದ್ದಕ್ಕೆ ಕಟಾವು ಯಂತ್ರ ಬೇಕು. ನಮ್ಮ ಒದ್ದೆ ಗದ್ದೆಗೆ ಚೈನ್ ಇರುವ ಯಂತ್ರವೇ ಆಗಬೇಕು. ಅದು ಒಂದೊಂದೇ ಗದ್ದೆಗೆ ಬರುವುದಿಲ್ಲ, ಬೈಲಿನವರೆಲ್ಲ ಒಟ್ಟಾಗಿ ಒಂದು ದಿನ ಕರೆಯಬೇಕು. ಯಂತ್ರ ಇಳಿಯುವ ದಾರಿಯನ್ನು ಸೆಪ್ಟೆಂಬರಿನಲ್ಲೇ ನೋಡಿಡಿ. ಯಾರದೋ ಬದು ಕಡಿಯಬೇಕಾದರೆ ಅವರ ಒಪ್ಪಿಗೆ ಮೊದಲೇ ಬೇಕು.

ಜುಲೈಯದ್ದು ನಿಜವಾಗಿ ಕಷ್ಟ. ಇಲ್ಲಿ ನನಗೆ ಸರಿಬಂದದ್ದು ಮುಯ್ಯಾಳು. ಪಕ್ಕದ ಎರಡು ಮನೆಯವರು ಸೇರಿ, ಕಲಸುವ ಮತ್ತು ಪೈಪ್ ಎಳೆಯುವ ಕೆಲಸಕ್ಕೆ ನಾವೇ ಒಬ್ಬರಿಗೊಬ್ಬರು ನಿಲ್ಲುತ್ತೇವೆ. ಹೊರಗಿನಿಂದ ಮರ ಹತ್ತುವವರನ್ನು ಮಾತ್ರ ಕರೆಯುತ್ತೇವೆ. ಮೂರು ತೋಟದ ಕೆಲಸ ಒಟ್ಟಿಗೆ ಇರುವುದರಿಂದ ಅವರೂ ಹತ್ತು-ಹನ್ನೆರಡು ದಿನ ಬೇರೆ ಕಡೆ ಓಡುವುದಿಲ್ಲ.

ದೋಟಿಯಲ್ಲಿ (ಉದ್ದದ ಕೋಲಿನಲ್ಲಿ) ನೆಲದಲ್ಲೇ ನಿಂತು ಮದ್ದು ಬಿಡುವ, ಗೊನೆ ತೆಗೆಯುವ ಪದ್ಧತಿ ಈಗ ಸಾಕಷ್ಟು ಬಂದಿದೆ. ಕಾರ್ಬನ್ ಫೈಬರ್ ದೋಟಿ ಹಗುರ, ಮಳೆಯ ನಡುವೆ ಒದ್ದೆ ಮರ ಹತ್ತುವ ಅಪಾಯ ಇಲ್ಲ. ಆದರೆ ಕಾರ್ಬನ್ ಫೈಬರಿನಲ್ಲಿ ಕರೆಂಟು ಹರಿಯುತ್ತದೆ. ತೋಟದ ಮೇಲೆ ಲೈನು ಹೋಗಿದ್ದರೆ ಆ ಸಾಲಿನ ಮರಗಳಿಗೆ ಬಣ್ಣ ಬಳಿದು ಗುರುತು ಮಾಡಿ, ದೋಟಿ ಹಿಡಿಯುವವರಿಗೆ ಕೈ ತೋರಿಸಿ ಹೇಳಿ. ಅಲ್ಲಿ ದೋಟಿ ಎತ್ತಲೇಬಾರದು.

ಹೆಜ್ಜೆ 6: ಆಟಿಯಲ್ಲಿ ಕೆಲಸ ಕೊಡಿ

ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ಆಟಿ. ಹಿಂದೆ ಆ ತಿಂಗಳು ಮನೆಯಲ್ಲಿ ಅಕ್ಕಿ ಇಲ್ಲದೆ ತಜಂಕ್ ಸೊಪ್ಪು, ಕೆಸುವು ಬೇಯಿಸಿ ತಿಂದವರ ಮಕ್ಕಳೇ ನಮ್ಮ ತೋಟಕ್ಕೆ ಬರುವವರು. ಇವತ್ತೂ ಮಳೆ ಸುರಿಯುವ ವಾರ ಸಂಬಳ ಇಲ್ಲ ಅಂದರೆ ಅವರ ಮನೆಯಲ್ಲಿ ತೊಂದರೆಯೇ.

ಹಾಗಾಗಿ ಯಾವಾಗ ಬೇಕಾದರೂ ಆಗುವ ಕೆಲಸಗಳನ್ನು ಬೇಸಿಗೆಯಲ್ಲಿ ಮುಗಿಸಬೇಡಿ. ಚಾಲಿಯಲ್ಲಿ ಒಂದು ಪಾಲು ಸುಲಿಯದೆ ಇಡಿ. ಒಣ ತೆಂಗಿನಕಾಯಿ ಸುಲಿಯುವುದು, ಗೋಣಿ ಹೊಲಿಯುವುದು, ಅಟ್ಟ ಸರಿ ಮಾಡುವುದು, ಇವನ್ನೆಲ್ಲ ಆಟಿಗೆ ತೆಗೆದಿಡಿ. ನಮ್ಮಲ್ಲಿಗೆ ಹುಲ್ಲು ಹೆರೆಯಲು ಬರುವ ಅಕ್ಕ ಒಂದು ಆಟಿಯಲ್ಲಿ ಚಾವಡಿಯಲ್ಲಿ ಕುಳಿತು ಅಡಿಕೆ ಸುಲಿಯುತ್ತಾ ಹೇಳಿದರು, "ಅಣ್ಣೆರೆ, ಮಳೆಗೆ ಕೆಲಸ ಕೊಟ್ಟವರನ್ನು ಬಿಸಿಲಿಗೆ ಬಿಟ್ಟು ಹೋಗಲು ಮನಸ್ಸು ಬರುವುದಿಲ್ಲ." ಆ ನವೆಂಬರಿನಲ್ಲಿ ಕಟಾವಿನ ಗಡಿಬಿಡಿಗೆ ಅವರು ತಂಗಿಯನ್ನೂ ಕರೆದುಕೊಂಡು ಬಂದರು. ನಾನು ಕೇಳಿರಲೇ ಇಲ್ಲ.

ವರ್ಷದಲ್ಲಿ ಕೆಲಸದ ದಿನಗಳನ್ನು ಹೀಗೆ ಹರಡಿದರೆ ಖಾಯಂ ಆಗಿ ಬರುವ ಇಬ್ಬರು ಮೂವರು ನಿಮ್ಮ ಜೊತೆ ಉಳಿಯುತ್ತಾರೆ. ಹೊರಗಿನಿಂದ ಕರೆಯಬೇಕಾದ್ದು ಕೆಂಪು ವಾರಗಳಿಗೆ ಮಾತ್ರ.

ಹೆಜ್ಜೆ 7: ಮಾತು ಗಟ್ಟಿ ಮಾಡುವುದು

ಮರ ಹತ್ತುವವರಿಗೆ ಮಾರ್ಚ್‌ನಲ್ಲೇ ಹೇಳಿ. ಫೋನಿಗಿಂತ ಅವರ ಮನೆಗೆ ಹೋಗಿ ಹೇಳುವುದು ಒಳ್ಳೆಯದು. "ಮೇ ಕೊನೆಗೆ ಬನ್ನಿ" ಅನ್ನಬೇಡಿ. "ಮೇ 20ರಿಂದ ಏಳು ದಿನ, 1,000 ಮರ, ಪಂಪ್ ನಮ್ಮದು, ಕಲಸಲು ಜನ ನಮ್ಮವರು" ಅಂತ ಹೇಳಿ. ಜುಲೈಯ ದಿನವನ್ನೂ ಅವತ್ತೇ ಹೇಳಿ. ಒಂದು ವಾರ ಮೊದಲು ಮತ್ತೆ ನೆನಪು ಮಾಡಿ.

ಮರ ಲೆಕ್ಕವೋ ದಿನದ ಲೆಕ್ಕವೋ? ಗೊನೆ ತೆಗೆಯಲು, ಸುಲಿಯಲು ಮರ ಅಥವಾ ಕಿಲೋ ಲೆಕ್ಕ ಸರಿ. ಮದ್ದಿಗೆ ದಿನದ ಸಂಬಳವೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಮರ ಲೆಕ್ಕವಾದರೆ ಕೈ ಓಡುತ್ತದೆ, ಗೊನೆಯ ಹಿಂಬದಿ ಒಣಗಿಯೇ ಉಳಿಯುತ್ತದೆ. ಯಾವುದೇ ಆಗಲಿ, ಊಟ-ಚಾ ಸೇರಿಯೋ ಬಿಟ್ಟೋ, ಮಧ್ಯಾಹ್ನ ಮಳೆ ಬಂದು ಕೆಲಸ ನಿಂತರೆ ಎಷ್ಟು ಕೊಡುವುದು, ಇದನ್ನು ಮೊದಲ ದಿನವೇ ಮಾತಾಡಿ. ಮುಂದೆ ಮನಸ್ತಾಪ ಆಗುವುದು ಹೆಚ್ಚಾಗಿ ಈ ಮಳೆಯ ಅರ್ಧ ದಿನದ ವಿಷಯಕ್ಕೇ.

ಹೆಜ್ಜೆ 8: ಸಂಬಳದ ದುಡ್ಡು

ಅಡಿಕೆ ದುಡ್ಡು ಬರುವುದು ಮಾರಿದಾಗ. ಸಂಬಳ ಜಾಸ್ತಿ ಹೋಗುವುದು ಮೇ ಕೊನೆಯಿಂದ ಜುಲೈವರೆಗೆ. ಮೈಲುತುತ್ತಿನ ಬಿಲ್ಲೂ ಆಗಲೇ. ಮೂರನೇ ಹೆಜ್ಜೆಯಲ್ಲಿ ಬಂದ ಆಳಿನ ಸಂಖ್ಯೆಯನ್ನು ಊರಿನ ಸಂಬಳದಿಂದ ಗುಣಿಸಿ. ಅಷ್ಟಕ್ಕೆ ಬೇಕಾದ ಚಾಲಿಯನ್ನು ಮೇ ತಿಂಗಳಿಗೆ ಅಂತಲೇ ಬೇರೆ ಚೀಲದಲ್ಲಿ ಕಟ್ಟಿ ಇಡಿ. ಬೇರೆ ಖರ್ಚಿಗೆ ಅದನ್ನು ಮುಟ್ಟಬೇಡಿ.

ಜೂನ್ ಶುರುವಿಗೆ ಶಾಲೆ ಇರುತ್ತದೆ. ಪುಸ್ತಕ, ಕೊಡೆ, ಯೂನಿಫಾರ್ಮಿಗೆ ಮುಂಗಡ ಕೇಳುವುದು ಆಗಲೇ. ಅದನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿಡಿ. ಕೊಟ್ಟದ್ದನ್ನು ಅವರ ಎದುರೇ ಪುಸ್ತಕದಲ್ಲಿ ಬರೆಯಿರಿ, ವಾರಕ್ಕೆ ಸ್ವಲ್ಪ ಸ್ವಲ್ಪ ಮುರಿಯಿರಿ. ಉಳಿದ ಸಂಬಳ ಶನಿವಾರ ಸಂಜೆ ಕೈಗೆ ಸೇರಲೇಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಕೆಲಸಕ್ಕೆ ಒಂದೇ ಸಂಬಳ ಕೊಡಿ. ಕಾನೂನೂ ಅದನ್ನೇ ಹೇಳುತ್ತದೆ.

ಹೆಜ್ಜೆ 9: ಅವರ ಜೀವದ ಜವಾಬ್ದಾರಿ ನಮ್ಮದು

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ. ಇದರ ವರ್ಷ ಶುರುವಾಗುವುದು ಜೂನ್ 1ಕ್ಕೆ, ದುಡ್ಡು ಖಾತೆಯಿಂದ ಕಡಿತವಾಗುವುದು ಮೇ ಕೊನೆಗೆ. ಪತ್ತನಾಜೆಯ ವಾರ ಖಾಯಂ ಬರುವವರ ಪಾಸ್‌ಬುಕ್ ನೋಡಿ ವಿಚಾರಿಸಿ. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಪ್ರತ್ಯೇಕವಾಗಿ ಇದೆ, ಅರ್ಜಿ ತುಂಬಲು ನೀವೇ ಸಹಾಯ ಮಾಡಿ.

ಮದ್ದು ಬಿಡುವವರಿಗೆ ಕೈಗವಸು, ಕನ್ನಡಕ ಕೊಡಿ. ಸುಣ್ಣದ ನೀರು ಕಣ್ಣಿಗೆ ಹಾರಿದರೆ ತೊಳೆಯಲು ಒಂದು ಕೊಡ ಒಳ್ಳೆ ನೀರು ಪಕ್ಕದಲ್ಲೇ ಇರಲಿ. ದೂರದೂರಿನವರು ಉಳಿದುಕೊಳ್ಳುವುದಾದರೆ ಸೋರದ ಮಾಡು, ಬಾಗಿಲಿಗೆ ಚಿಲಕ, ಶೌಚಾಲಯ ಮೊದಲು. ಆಮೇಲೆ ಕೆಲಸದ ಮಾತು.

ಹೆಜ್ಜೆ 10: ಬರೆದಿಡಿ

ದಿನಕ್ಕೆ ಒಂದು ಸಾಲು ಸಾಕು. ತಾರೀಕು, ಕೆಲಸ, ಎಷ್ಟಾಳು, ಎಷ್ಟು ಮುಗಿಯಿತು, ಮಳೆ ಎಷ್ಟು ಹೊತ್ತು. ನಾನು ಮೊದಲ ವರ್ಷ ಹುಲ್ಲು ಹೆರೆಯಲು ಎಂಟಾಳು ಅಂತ ಅಂದಾಜು ಹಾಕಿದ್ದೆ, ಹಿಡಿದದ್ದು ಹದಿಮೂರು. ಮರುವರ್ಷ ಹದಿಮೂರೇ ಬರೆದೆ. ಮೂರನೇ ವರ್ಷದ ಹೊತ್ತಿಗೆ ನನ್ನ ಲೆಕ್ಕಕ್ಕೂ ನಡೆದದ್ದಕ್ಕೂ ಒಂದೆರಡು ಆಳಿನ ವ್ಯತ್ಯಾಸ ಮಾತ್ರ ಉಳಿಯಿತು. ಒಂದು ಡ್ರಮ್ ಮದ್ದು ನಿಮ್ಮ ತೋಟದಲ್ಲಿ ಎಷ್ಟು ಮರಕ್ಕೆ ಬಂತು, ಯಾವ ಸಾಲಿನಲ್ಲಿ ಕೊಳೆ ಮೊದಲು ಕಾಣಿಸಿತು ಅನ್ನುವುದೂ ಅದೇ ಪುಸ್ತಕದಲ್ಲಿರಲಿ. ಮುಂದಿನ ಜುಲೈಯಲ್ಲಿ ಬಿಸಿಲು ಒಂದೇ ದಿನ ಸಿಕ್ಕಿದರೆ ಮದ್ದು ಯಾವ ಸಾಲಿನಿಂದ ಶುರು ಮಾಡಬೇಕು ಅಂತ ಆ ಪುಟ ಹೇಳುತ್ತದೆ.